ಭಾರತದ ಸಾರ್ವಜನಿಕ ಆರೋಗ್ಯ ಗುರಿಗಳು

ಭಾರತದ ಸಾರ್ವಜನಿಕ ಆರೋಗ್ಯ ಗುರಿಗಳು ಎಂದರೆ ದೇಶದ ಜನರ ಆರೋಗ್ಯಸ್ಥಿತಿಯನ್ನು ನಿರ್ದಿಷ್ಟ ಅವಧಿಯೊಳಗೆ ನಿರ್ದಿಷ್ಟ ಪ್ರಮಾಣದಲ್ಲಿ ಸುಧಾರಿಸಬೇಕೆಂದು ಸರ್ಕಾರವು ಅಂಕಿ ಮತ್ತು ಗಡುವುಗಳ ಸಮೇತ ನಿಗದಿಪಡಿಸಿಕೊಳ್ಳುವ ಉದ್ದೇಶಗಳು. ಶಿಶು ಮರಣವನ್ನು ತಗ್ಗಿಸುವುದು, ಒಂದು ರೋಗವನ್ನು ಇಲ್ಲವಾಗಿಸುವುದು, ಇಷ್ಟು ಜನಸಂಖ್ಯೆಗೆ ಒಂದು ಆರೋಗ್ಯ ಕೇಂದ್ರವನ್ನು ಒದಗಿಸುವುದು, ಆರೋಗ್ಯಕ್ಕಾಗಿ ಸರ್ಕಾರ ಮಾಡುವ ವೆಚ್ಚವನ್ನು ಹೆಚ್ಚಿಸುವುದು ಇವುಗಳಲ್ಲಿ ಮುಖ್ಯವಾದವು. 1946ರ ಭೋರ್ ಸಮಿತಿಯ ವರದಿ, ಪಂಚವಾರ್ಷಿಕ ಯೋಜನೆಗಳು, 1983, 2002 ಮತ್ತು 2017ರ ರಾಷ್ಟ್ರೀಯ ಆರೋಗ್ಯ ನೀತಿಗಳು ಹಾಗೂ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳು ಈ ಉದ್ದೇಶಗಳಿಗೆ ರೂಪ ಕೊಟ್ಟಿವೆ.

ಏಳು ದಶಕಗಳಲ್ಲಿ ಗುರಿಗಳ ಸಂಖ್ಯೆಯ ಜೊತೆಗೆ ಅವುಗಳ ಸ್ವರೂಪವೂ ಬದಲಾಗಿದೆ. ಮೊದಲು ಕಟ್ಟಡ ಮತ್ತು ಸಿಬ್ಬಂದಿಯ ಲೆಕ್ಕ, ಅನಂತರ ಒಂದೊಂದು ರೋಗದ ನಿರ್ಮೂಲನೆ, ಬಳಿಕ ತಾಯಿ ಮತ್ತು ಮಗುವಿನ ಉಳಿವು, ಇತ್ತೀಚೆಗೆ ಹೃದ್ರೋಗ, ಮಧುಮೇಹದಂಥ ದೀರ್ಘಕಾಲದ ಕಾಯಿಲೆಗಳು ಮತ್ತು ಚಿಕಿತ್ಸೆಯ ಖರ್ಚು ಗುರಿಗಳ ಕೇಂದ್ರಕ್ಕೆ ಬಂದಿವೆ. ಕೆಲವು ಗುರಿಗಳು ಪೂರ್ಣವಾಗಿ ಈಡೇರಿವೆ; ಕೆಲವು ಗಡುವು ಮೀರಿ ಈಡೇರಿವೆ; ಕೆಲವನ್ನು ಕೈಬಿಡಲಾಗಿದೆ ಅಥವಾ ಬೇರೆ ಹೆಸರಿನಲ್ಲಿ ಮುಂದುವರಿಸಲಾಗಿದೆ. ಕ್ಷಯರೋಗ ಮತ್ತು ಮಾನಸಿಕ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮಗಳು ಕರ್ನಾಟಕದಲ್ಲಿ ನಡೆದ ಅಧ್ಯಯನಗಳ ಆಧಾರದ ಮೇಲೆ ರೂಪುಗೊಂಡವು.

## ಪರಿಭಾಷೆ

ಆರೋಗ್ಯ ನೀತಿಯ ದಾಖಲೆಗಳಲ್ಲಿ ಮೂರು ಪದಗಳಿಗೆ ಬೇರೆಬೇರೆ ಅರ್ಥಗಳಿವೆ.

* ನಿಯಂತ್ರಣ: ರೋಗದ ಪ್ರಮಾಣವನ್ನು ಸಹಿಸಬಹುದಾದ ಮಟ್ಟಕ್ಕೆ ಇಳಿಸುವುದು. ಪ್ರಯತ್ನವನ್ನು ನಿಲ್ಲಿಸಿದರೆ ರೋಗ ಮತ್ತೆ ಹೆಚ್ಚುತ್ತದೆ.
* ನಿವಾರಣೆ: ಒಂದು ಪ್ರದೇಶದಲ್ಲಿ ಹೊಸ ಸೋಂಕನ್ನು ಪೂರ್ತಿ ತಡೆಯುವುದು, ಅಥವಾ ರೋಗವನ್ನು "ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿಯದಂತೆ" ಗೊತ್ತುಪಡಿಸಿದ ಮಿತಿಯ ಕೆಳಕ್ಕೆ ತರುವುದು. ಕುಷ್ಠರೋಗಕ್ಕೆ ಈ ಮಿತಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಿ.
* ನಿರ್ಮೂಲನೆ: ಇಡೀ ಜಗತ್ತಿನಲ್ಲಿ ರೋಗವನ್ನು ಶಾಶ್ವತವಾಗಿ ಇಲ್ಲವಾಗಿಸುವುದು. ಮನುಷ್ಯರ ರೋಗಗಳಲ್ಲಿ ಈ ಹಂತ ತಲುಪಿರುವುದು ಸಿಡುಬು ಮಾತ್ರ.

ಕನ್ನಡದ ಪತ್ರಿಕೆಗಳಲ್ಲಿ ಮತ್ತು ಇಲಾಖೆಯ ಪ್ರಕಟಣೆಗಳಲ್ಲಿ ಎರಡನೆಯ ಮತ್ತು ಮೂರನೆಯ ಅರ್ಥಗಳೆರಡಕ್ಕೂ "ನಿರ್ಮೂಲನೆ" ಎಂಬ ಒಂದೇ ಪದ ಬಳಕೆಯಲ್ಲಿದೆ. "ಕುಷ್ಠರೋಗ ನಿರ್ಮೂಲನೆಯಾಗಿದೆ" ಎಂಬ ಘೋಷಣೆಯ ನಂತರವೂ ಹೊಸ ರೋಗಿಗಳು ಪತ್ತೆಯಾಗುವುದು ಈ ಕಾರಣದಿಂದ ಹಲವರಿಗೆ ಗೊಂದಲವಾಗಿ ಕಾಣುತ್ತದೆ.

## ಸಾಂವಿಧಾನಿಕ ಹಿನ್ನೆಲೆ

ಸಂವಿಧಾನದ 47ನೇ ವಿಧಿಯು ಜನರ ಪೌಷ್ಟಿಕತೆಯ ಮಟ್ಟವನ್ನು ಏರಿಸುವುದು ಮತ್ತು ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲಿ ಸೇರಿವೆ ಎನ್ನುತ್ತದೆ. ಇದು ರಾಜ್ಯನೀತಿ ನಿರ್ದೇಶಕ ತತ್ವವಾದ್ದರಿಂದ ಇದನ್ನು ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೊಳಿಸಲು ಬರುವುದಿಲ್ಲ. ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೋಂಕು ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಕುಟುಂಬ ಯೋಜನೆಯನ್ನು 42ನೇ ತಿದ್ದುಪಡಿಯ ಮೂಲಕ ಅದೇ ಪಟ್ಟಿಗೆ ಸೇರಿಸಲಾಯಿತು.

ಇದರ ಪರಿಣಾಮವಾಗಿ ಗುರಿಯನ್ನು ಘೋಷಿಸುವುದು ಹೆಚ್ಚಾಗಿ ಕೇಂದ್ರ ಸರ್ಕಾರ. ಅದನ್ನು ಈಡೇರಿಸಬೇಕಾದ ವೈದ್ಯರು, ದಾದಿಯರು, ಆಸ್ಪತ್ರೆಗಳು ಮತ್ತು ವೆಚ್ಚದ ಹೆಚ್ಚಿನ ಪಾಲು ರಾಜ್ಯಗಳದ್ದು. ಕೇಂದ್ರವು ಅನುದಾನದ ಷರತ್ತುಗಳ ಮೂಲಕ ರಾಜ್ಯಗಳನ್ನು ರಾಷ್ಟ್ರೀಯ ಗುರಿಗಳಿಗೆ ಜೋಡಿಸುತ್ತದೆ.

## ಇತಿಹಾಸ

### ಮೈಸೂರು ಸಂಸ್ಥಾನ ಮತ್ತು ಭೋರ್ ಸಮಿತಿ

ಸ್ವಾತಂತ್ರ್ಯಪೂರ್ವದಲ್ಲಿಯೇ ಮೈಸೂರು ಸಂಸ್ಥಾನವು ಸಾರ್ವಜನಿಕ ಆರೋಗ್ಯದಲ್ಲಿ ಹಲವು ಪ್ರಯೋಗಗಳನ್ನು ನಡೆಸಿತ್ತು. 1930ರಲ್ಲಿ ಸಂಸ್ಥಾನವು ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1936ರಲ್ಲಿ ಅಂದಿನ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕ ಸ್ಥಾಪನೆಯಾಯಿತು. ಚಿಕಿತ್ಸೆ, ರೋಗತಡೆ, ಹೆರಿಗೆ ಆರೈಕೆ ಮತ್ತು ನೈರ್ಮಲ್ಯವನ್ನು ಒಂದೇ ಘಟಕದಡಿ ತರುವುದು ಇದರ ಉದ್ದೇಶವಾಗಿತ್ತು.

1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಆರೋಗ್ಯ ಸಮೀಕ್ಷೆ ಮತ್ತು ಅಭಿವೃದ್ಧಿ ಸಮಿತಿ 1946ರಲ್ಲಿ ವರದಿ ಸಲ್ಲಿಸಿತು. ಹಣ ಕೊಡುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ಮೂಲತತ್ವ. ಅಲ್ಪಾವಧಿಯಲ್ಲಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ದೀರ್ಘಾವಧಿಯಲ್ಲಿ 10,000ದಿಂದ 20,000 ಜನರಿಗೆ 75 ಹಾಸಿಗೆಗಳ ಒಂದು ಘಟಕ ಇರಬೇಕೆಂದು ಸಮಿತಿ ಸೂಚಿಸಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆರಂಭವಾದರೂ ಪ್ರತಿ ಕೇಂದ್ರದ ವ್ಯಾಪ್ತಿಯ ಜನಸಂಖ್ಯೆ ಸಮಿತಿ ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಸಮಿತಿ ತನ್ನ 1962ರ ವರದಿಯಲ್ಲಿ, ಹೊಸ ಕೇಂದ್ರಗಳನ್ನು ತೆರೆಯುವ ಮೊದಲು ಇರುವ ಕೇಂದ್ರಗಳನ್ನು ಬಲಪಡಿಸಬೇಕೆಂದು ಶಿಫಾರಸು ಮಾಡಿತು.

### ರೋಗ ನಿರ್ಮೂಲನೆಯ ದಶಕಗಳು

1950ರ ಮತ್ತು 1960ರ ದಶಕಗಳಲ್ಲಿ ಆರೋಗ್ಯ ಗುರಿ ಎಂದರೆ ಬಹುಮಟ್ಟಿಗೆ ಒಂದು ರೋಗದ ವಿರುದ್ಧದ ಸಮರವಾಗಿತ್ತು. ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಲೇರಿಯಾ ಪ್ರಕರಣಗಳೂ 8 ಲಕ್ಷ ಸಾವುಗಳೂ ಸಂಭವಿಸುತ್ತಿದ್ದವೆಂದು ಅಂದಾಜಿಸಲಾಗಿದೆ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಡಿಡಿಟಿ ಸಿಂಪಡಣೆಯಿಂದ ದೊರೆತ ಯಶಸ್ಸಿನ ಹಿನ್ನೆಲೆಯಲ್ಲಿ 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮವಾಗಿ ಬದಲಾಯಿತು. 1965ರ ವೇಳೆಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು.

ಆದರೆ ಸಿಂಪಡಣೆಯ ಹಂತ ಮುಗಿದ ಮೇಲೆ ಪ್ರತಿ ಜ್ವರ ಪ್ರಕರಣವನ್ನೂ ಹುಡುಕಿ ಪರೀಕ್ಷಿಸುವ ಹೊಣೆ ಸಾಮಾನ್ಯ ಆರೋಗ್ಯ ಕೇಂದ್ರಗಳ ಮೇಲೆ ಬಿದ್ದಿತು. ಅನೇಕ ಕಡೆ ಆ ಕೇಂದ್ರಗಳೇ ಸಜ್ಜಾಗಿರಲಿಲ್ಲ. ಕೀಟನಾಶಕಗಳ ಕೊರತೆ, ಸೊಳ್ಳೆಗಳು ಬೆಳೆಸಿಕೊಂಡ ನಿರೋಧಶಕ್ತಿ ಮತ್ತು ನಗರಗಳಲ್ಲಿನ ಮಲೇರಿಯಾ ಸೇರಿ 1976ರಲ್ಲಿ ಪ್ರಕರಣಗಳು ಸುಮಾರು 64.7 ಲಕ್ಷಕ್ಕೆ ಏರಿದವು. 1977ರ ಪರಿಷ್ಕೃತ ಕಾರ್ಯಯೋಜನೆಯಲ್ಲಿ ಸಾವುಗಳನ್ನು ತಡೆಯುವುದು ಮತ್ತು ರೋಗದ ಬಾಧೆಯನ್ನು ಇಳಿಸುವುದು ಮುಖ್ಯ ಉದ್ದೇಶಗಳಾದವು. 1999ರಲ್ಲಿ ಕಾರ್ಯಕ್ರಮದ ಹೆಸರಿನಿಂದಲೂ ನಿರ್ಮೂಲನೆ ಎಂಬ ಪದ ಹೋಯಿತು. 2016ರ ರಾಷ್ಟ್ರೀಯ ಚೌಕಟ್ಟು ನಿವಾರಣೆಯ ಗುರಿಯನ್ನು ಮರಳಿ ತಂದು 2030ನ್ನು ಗಡುವಾಗಿ ಇರಿಸಿದೆ.

ಸಿಡುಬಿನ ವಿಷಯದಲ್ಲಿ ಫಲಿತಾಂಶ ಭಿನ್ನವಾಗಿತ್ತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಮೊದಲು ಎಲ್ಲರಿಗೂ ಲಸಿಕೆ ಹಾಕುವ ಗುರಿಯನ್ನು ಇಟ್ಟುಕೊಂಡಿತ್ತು. ಲಸಿಕೆಯ ಸಂಖ್ಯೆ ಏರಿದರೂ ರೋಗ ನಿಲ್ಲಲಿಲ್ಲ. ಪ್ರತಿ ಪ್ರಕರಣವನ್ನು ಹುಡುಕಿ ಅದರ ಸುತ್ತಲಿನವರಿಗೆ ಲಸಿಕೆ ಹಾಕುವ ವಿಧಾನಕ್ಕೆ ಒತ್ತು ಕೊಟ್ಟ ನಂತರ 1975ರ ಮೇ ತಿಂಗಳಲ್ಲಿ ಕೊನೆಯ ಪ್ರಕರಣ ವರದಿಯಾಯಿತು. 1977ರಲ್ಲಿ ಭಾರತವನ್ನು ಸಿಡುಬುಮುಕ್ತವೆಂದು ಘೋಷಿಸಲಾಯಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಒಣಪ್ರದೇಶಗಳಲ್ಲಿದ್ದ ನಾರುಹುಣ್ಣು ರೋಗವು ಲಸಿಕೆಯಾಗಲಿ ಔಷಧವಾಗಲಿ ಇಲ್ಲದೆ, ಸುರಕ್ಷಿತ ಕುಡಿಯುವ ನೀರು, ಮೆಟ್ಟಿಲುಬಾವಿಗಳ ಬಳಕೆಯಲ್ಲಿನ ಬದಲಾವಣೆ ಮತ್ತು ರೋಗಿಗಳ ಹುಡುಕಾಟದಿಂದ ಇಲ್ಲವಾಯಿತು. 1996ರಲ್ಲಿ ಅದರ ಕೊನೆಯ ಪ್ರಕರಣ ಕಂಡುಬಂದಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ದೊರೆಯಿತು.

### ತುಮಕೂರಿನ ಅಧ್ಯಯನ ಮತ್ತು ಕ್ಷಯ ಕಾರ್ಯಕ್ರಮ

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ದೇಶಕ್ಕೆ ಕಾರ್ಯಸಾಧ್ಯವಾದ ಕ್ಷಯ ಕಾರ್ಯಕ್ರಮವೊಂದನ್ನು ರೂಪಿಸುವುದು ಅದರ ಮೊದಲ ಕೆಲಸ. ರೋಗಿಗಳನ್ನು ಹುಡುಕಲು ಸಂಚಾರಿ ಎಕ್ಸ್-ರೇ ವಾಹನಗಳು ಊರೂರು ತಿರುಗಬೇಕು ಎಂಬುದು ಆ ಕಾಲದ ಸಾಮಾನ್ಯ ಅಭಿಪ್ರಾಯವಾಗಿತ್ತು. ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಗ್ರಾಮಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮು, ಜ್ವರಗಳಿಗಾಗಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರೆಂದು ತೋರಿಸಿತು. ಅಲ್ಲಿ ಅವರಿಗೆ ಕಫ ಪರೀಕ್ಷೆಯ ಬದಲು ಕೆಮ್ಮಿನ ಔಷಧಿ ಸಿಗುತ್ತಿತ್ತು.

ಇದರಿಂದ ಸಮಸ್ಯೆಯ ನೋಟವೇ ಬದಲಾಯಿತು. ಜನರ ಅಜ್ಞಾನಕ್ಕಿಂತ ಆರೋಗ್ಯ ಕೇಂದ್ರದ ಅಸಾಮರ್ಥ್ಯ ದೊಡ್ಡ ಅಡ್ಡಿ ಎಂಬ ಅರಿವಿನ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು: ತಾನಾಗಿ ಬಂದ ರೋಗಿಯ ಕಫವನ್ನು ಸಮೀಪದ ಕೇಂದ್ರದಲ್ಲಿಯೇ ಪರೀಕ್ಷಿಸಿ, ಮನೆಯಲ್ಲಿಯೇ ಚಿಕಿತ್ಸೆ ಕೊಡುವುದು. ವಿನ್ಯಾಸ ಸರಿಯಾಗಿದ್ದರೂ ಹಣ ಮತ್ತು ಔಷಧದ ಪೂರೈಕೆ ಸಾಲದಾಯಿತು. 1992ರ ಪರಿಶೀಲನೆಯಲ್ಲಿ ಚಿಕಿತ್ಸೆ ಪೂರ್ಣಗೊಳಿಸುವವರು ಅರ್ಧಕ್ಕಿಂತ ಕಡಿಮೆ ಎಂದು ಕಂಡುಬಂದ ಮೇಲೆ ಪರಿಷ್ಕೃತ ಕಾರ್ಯಕ್ರಮ ಬಂದಿತು. ಅದರ ಗುರಿ ಹೊಸ ರೋಗಿಗಳಲ್ಲಿ ಶೇ. 70ರಷ್ಟನ್ನು ಪತ್ತೆಹಚ್ಚಿ, ಅವರಲ್ಲಿ ಶೇ. 85ರಷ್ಟನ್ನು ಗುಣಪಡಿಸುವುದಾಗಿತ್ತು. 2020ರಲ್ಲಿ ಇದಕ್ಕೆ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮವೆಂದು ಹೆಸರಿಡಲಾಯಿತು.

### ಕುಟುಂಬ ಯೋಜನೆಯ ಸಂಖ್ಯಾಗುರಿಗಳು

1952ರಲ್ಲಿ ಭಾರತವು ಸರ್ಕಾರಿ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು. 1960ರ ದಶಕದ ಮಧ್ಯಭಾಗದಿಂದ ಒಂದೊಂದು ವಿಧಾನಕ್ಕೂ ವಾರ್ಷಿಕ ಸಂಖ್ಯಾಗುರಿಯನ್ನು ನಿಗದಿಪಡಿಸಿ ರಾಜ್ಯ, ಜಿಲ್ಲೆ ಮತ್ತು ಕ್ಷೇತ್ರ ಸಿಬ್ಬಂದಿಯವರೆಗೆ ಹಂಚುವ ಪದ್ಧತಿ ಬೆಳೆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಇದು ಬಲವಂತಕ್ಕೆ ದಾರಿಮಾಡಿತು. 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಆ ಬಳಿಕ ಕಾರ್ಯಕ್ರಮದ ಹೆಸರು ಕುಟುಂಬ ಕಲ್ಯಾಣ ಎಂದಾಯಿತು. ಶಸ್ತ್ರಚಿಕಿತ್ಸೆಯ ಹೊರೆ ಬಹುತೇಕ ಮಹಿಳೆಯರ ಮೇಲೆ ಬಿದ್ದಿತು.

1994ರ ಕೈರೋ ಜನಸಂಖ್ಯಾ ಸಮ್ಮೇಳನದ ನಂತರ, 1996ರ ಏಪ್ರಿಲ್‌ನಲ್ಲಿ ಕೇಂದ್ರವು ಮೇಲಿನಿಂದ ವಿಧಿಸುವ ಸಂಖ್ಯಾಗುರಿಗಳನ್ನು ಕೈಬಿಟ್ಟಿತು. ಆದರೂ ಶಿಬಿರಗಳ ಪದ್ಧತಿ ಮುಂದುವರಿಯಿತು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂತಾನಹರಣ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಲು ಪ್ರಯತ್ನಿಸಬೇಕೆಂದು ನಿರ್ದೇಶಿಸಿತು.

### ಎಲ್ಲರಿಗೂ ಆರೋಗ್ಯ: 1978–2000

1978ರ ಸೆಪ್ಟೆಂಬರ್‌ನಲ್ಲಿ ಅಲ್ಮಾ ಆಟಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು ಪ್ರಾಥಮಿಕ ಆರೋಗ್ಯ ಸೇವೆಯ ಮೂಲಕ "2000ದ ವೇಳೆಗೆ ಎಲ್ಲರಿಗೂ ಆರೋಗ್ಯ" ಎಂಬ ಧ್ಯೇಯವನ್ನು ಸಾರಿತು. ಇದರ ಹಿನ್ನೆಲೆಯಲ್ಲಿ 1983ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಬಂದಿತು. 2000ದೊಳಗೆ ಶಿಶು ಮರಣವನ್ನು ಸಾವಿರ ಜನನಗಳಿಗೆ 60ಕ್ಕಿಂತ ಕೆಳಗೆ, ಜನನ ದರವನ್ನು ಸಾವಿರ ಜನಸಂಖ್ಯೆಗೆ 21ಕ್ಕೆ ಮತ್ತು ಮರಣ ದರವನ್ನು 9ಕ್ಕೆ ಇಳಿಸುವ ಗುರಿಗಳನ್ನು ಅದು ಇರಿಸಿತು. 2000ದಲ್ಲಿ ಮರಣ ದರ 8.5ಕ್ಕೆ ಇಳಿದಿತ್ತು, ಆದರೆ ಶಿಶು ಮರಣ 68ರಲ್ಲಿಯೂ ಜನನ ದರ 25.8ರಲ್ಲಿಯೂ ಇದ್ದವು.

### 2002ರ ನೀತಿ ಮತ್ತು ಗ್ರಾಮೀಣ ಆರೋಗ್ಯ ಅಭಿಯಾನ

ಎರಡನೇ ನೀತಿಯು ಹಿಂದಿನ ಗುರಿಗಳು ಪೂರ್ತಿ ಈಡೇರದಿರುವುದನ್ನು ಒಪ್ಪಿಕೊಂಡು, ಹೆಚ್ಚಾಗಿ ರೋಗವಾರು ಗಡುವುಗಳನ್ನು ಪಟ್ಟಿಮಾಡಿತು. ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 0.9ರಿಂದ 2010ರೊಳಗೆ ಶೇ. 2ಕ್ಕೆ ಏರಿಸಬೇಕೆಂಬುದೂ ಅದರಲ್ಲಿತ್ತು. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆಯನ್ನು ನೇಮಿಸುವ ಮೂಲಕ ತಾಯಿ ಮತ್ತು ಶಿಶು ಮರಣದ ಗುರಿಗಳನ್ನು ಹಳ್ಳಿಯ ಮಟ್ಟಕ್ಕೆ ಕೊಂಡೊಯ್ದಿತು. ಅದೇ ವರ್ಷ ಜನನಿ ಸುರಕ್ಷಾ ಯೋಜನೆಯಡಿ ಆಸ್ಪತ್ರೆ ಹೆರಿಗೆಗೆ ನಗದು ನೆರವು ಆರಂಭವಾಯಿತು. 2013ರಲ್ಲಿ ನಗರ ಅಭಿಯಾನವನ್ನೂ ಸೇರಿಸಿ ಇದನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನವಾಗಿಸಲಾಯಿತು.

### 2017ರ ನೀತಿ

2017ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ ಮೂರನೇ ನೀತಿಯು ಸುಸ್ಥಿರ ಅಭಿವೃದ್ಧಿ ಗುರಿಗಳೊಡನೆ ಹೊಂದಿಕೊಂಡಿದೆ. ಹೃದಯ ಮತ್ತು ರಕ್ತನಾಳಗಳ ರೋಗ, ಕ್ಯಾನ್ಸರ್, ಮಧುಮೇಹ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಿಂದಾಗುವ ಅಕಾಲಿಕ ಮರಣವನ್ನು 2025ರೊಳಗೆ ಶೇ. 25ರಷ್ಟು ತಗ್ಗಿಸುವುದು, ತಂಬಾಕು ಬಳಕೆಯನ್ನು ಶೇ. 30ರಷ್ಟು ಇಳಿಸುವುದು ಮತ್ತು ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವುದು ಇದರ ಪ್ರಮುಖ ಅಂಶಗಳು. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಈ ವೆಚ್ಚ ಶೇ. 1.84ರಷ್ಟಿತ್ತು. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ಭರಿಸುವ ಪಾಲು 2013–14ರ ಶೇ. 64.2ರಿಂದ ಶೇ. 39.4ಕ್ಕೆ ಇಳಿದಿದೆಯೆಂದು ಅದೇ ಲೆಕ್ಕಪತ್ರ ಹೇಳುತ್ತದೆ.

## ಗುರಿಗಳು ಮತ್ತು ಫಲಿತಾಂಶ

| ಗುರಿ | ಗಡುವು | ಮೂಲ | ಫಲಿತಾಂಶ |
|---|---|---|---|
| ಶಿಶು ಮರಣ 60ಕ್ಕಿಂತ ಕಡಿಮೆ | 2000 | 1983ರ ನೀತಿ | 2000ದಲ್ಲಿ 68 |
| ಶಿಶು ಮರಣ 30 | 2010 | 2002ರ ನೀತಿ | 2010ರಲ್ಲಿ 47 |
| ಶಿಶು ಮರಣ 28 | 2019 | 2017ರ ನೀತಿ | 2020ರಲ್ಲಿ 28 |
| ತಾಯಿ ಮರಣ ಲಕ್ಷ ಜನನಗಳಿಗೆ 100 | 2010 | 2002ರ ನೀತಿ | 2010–12ರಲ್ಲಿ 178 |
| ತಾಯಿ ಮರಣ ಲಕ್ಷ ಜನನಗಳಿಗೆ 100 | 2020 | 2017ರ ನೀತಿ | 2018–20ರಲ್ಲಿ 97 |
| ಪೋಲಿಯೊ ನಿರ್ಮೂಲನೆ | 2005 | 2002ರ ನೀತಿ | ಕೊನೆಯ ಪ್ರಕರಣ 2011ರ ಜನವರಿ. ಪ್ರಮಾಣಪತ್ರ 2014 |
| ಕುಷ್ಠರೋಗ ನಿವಾರಣೆ | 2005 | 2002ರ ನೀತಿ | 2005ರ ಡಿಸೆಂಬರ್‌ನಲ್ಲಿ ರಾಷ್ಟ್ರಮಟ್ಟದ ಮಿತಿ ತಲುಪಿತು |
| ಆನೆಕಾಲು ರೋಗ ನಿವಾರಣೆ | 2015 | 2002ರ ನೀತಿ | ಗಡುವು ಹಲವು ಬಾರಿ ಮುಂದಕ್ಕೆ. ಈಗ 2027 |
| ಒಟ್ಟು ಫಲವತ್ತತೆ ದರ 2.1 | 2025 | 2017ರ ನೀತಿ | 2019–21ರ ಸಮೀಕ್ಷೆಯಲ್ಲಿ 2.0 |
| ಕ್ಷಯ ನಿವಾರಣೆ | 2025 | 2017ರ ನೀತಿ | ಲಕ್ಷ ಜನರಿಗೆ ಹೊಸ ರೋಗಿಗಳು 2015ರಲ್ಲಿ 237, 2023ರಲ್ಲಿ 195 (ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು) |

## ಗುರಿ ನಿಗದಿಯಾಗುವ ವಿಧಾನ

ಗುರಿಯೊಂದು ಸಾಮಾನ್ಯವಾಗಿ ನಾಲ್ಕು ಮೂಲಗಳಿಂದ ಹುಟ್ಟುತ್ತದೆ: ತಜ್ಞರ ಸಮಿತಿಯ ವರದಿ, ಅಂತರರಾಷ್ಟ್ರೀಯ ಒಪ್ಪಂದ, ಹೊಸ ಔಷಧ ಅಥವಾ ಲಸಿಕೆ ಒದಗಿಸುವ ಸಾಧ್ಯತೆ, ಮತ್ತು ರಾಜಕೀಯ ತೀರ್ಮಾನ. ಉದಾಹರಣೆಗೆ, ಸುಸ್ಥಿರ ಅಭಿವೃದ್ಧಿ ಗುರಿಗಳು ಜಗತ್ತಿನ ಕ್ಷಯ ಸಾಂಕ್ರಾಮಿಕವನ್ನು ಕೊನೆಗೊಳಿಸಲು 2030ರ ಗಡುವನ್ನು ಇಟ್ಟಿದ್ದರೆ, ಭಾರತವು ಅದನ್ನು ಐದು ವರ್ಷ ಹಿಂದಕ್ಕೆ ತಂದು 2025 ಎಂದು ಘೋಷಿಸಿತು.

ಹಿಂದೆ ಯೋಜನಾ ಆಯೋಗವು ಪಂಚವಾರ್ಷಿಕ ಯೋಜನೆಗಳ ಮೂಲಕ ಗುರಿಗಳನ್ನು ಹಂಚುತ್ತಿತ್ತು. ಈಗ ರಾಜ್ಯಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಕಾರ್ಯಕ್ರಮ ಅನುಷ್ಠಾನ ಯೋಜನೆಯನ್ನು ಸಿದ್ಧಪಡಿಸಿ ಕೇಂದ್ರದ ಒಪ್ಪಿಗೆ ಪಡೆಯುತ್ತವೆ. ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸುತ್ತವೆ. ನೀತಿ ಆಯೋಗವು 2018ರಿಂದ ಸುಸ್ಥಿರ ಅಭಿವೃದ್ಧಿ ಸೂಚ್ಯಂಕದ ಮೂಲಕ ರಾಜ್ಯಗಳನ್ನು ಹೋಲಿಸುತ್ತಿದೆ.

## ಅಳತೆಯ ವ್ಯವಸ್ಥೆ

ಗುರಿ ಈಡೇರಿತೇ ಎಂಬುದು ಅಳತೆಯನ್ನು ಅವಲಂಬಿಸಿದೆ. ಜನನ, ಮರಣ ಮತ್ತು ಶಿಶು ಮರಣದ ಅಂಕಿಗಳು ಮುಖ್ಯವಾಗಿ ಮಾದರಿ ನೋಂದಣಿ ವ್ಯವಸ್ಥೆಯಿಂದ ಬರುತ್ತವೆ. ತಾಯಿ ಮರಣ ವಿರಳ ಘಟನೆಯಾದ್ದರಿಂದ ಮೂರು ವರ್ಷಗಳ ಅಂಕಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಲಾಗುತ್ತದೆ. 1992–93ರಲ್ಲಿ ಮೊದಲು ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಪೌಷ್ಟಿಕತೆ, ಲಸಿಕೆ, ಫಲವತ್ತತೆ ಮೊದಲಾದವನ್ನು ಅಳೆಯುತ್ತದೆ. 2015–16ರ ನಾಲ್ಕನೇ ಸುತ್ತಿನಿಂದ ಜಿಲ್ಲಾವಾರು ಅಂಕಿಗಳೂ ದೊರೆಯುತ್ತಿವೆ. ಆಸ್ಪತ್ರೆ ಮತ್ತು ಕೇಂದ್ರಗಳ ವರದಿಗಳು ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಗೆ ಸೇರುತ್ತವೆ.

## ಕರ್ನಾಟಕದಲ್ಲಿ

1999ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆಯನ್ನು ನೇಮಿಸಿತು. 2001ರಲ್ಲಿ ಸಲ್ಲಿಕೆಯಾದ ಅದರ ವರದಿಯು ಸಮಾನತೆ, ಗುಣಮಟ್ಟ ಮತ್ತು ಪ್ರಾಮಾಣಿಕತೆಯನ್ನು ಆಧಾರವಾಗಿಟ್ಟುಕೊಂಡು, ಭ್ರಷ್ಟಾಚಾರ ಹಾಗೂ ಪ್ರಾದೇಶಿಕ ಅಸಮತೋಲನವನ್ನೂ ಆರೋಗ್ಯದ ಸಮಸ್ಯೆಗಳೆಂದು ಗುರುತಿಸಿತು. ಇದರ ಮುಂದುವರಿಕೆಯಾಗಿ 2004ರಲ್ಲಿ ರಾಜ್ಯದ ಸಮಗ್ರ ಆರೋಗ್ಯ ನೀತಿ ಜಾರಿಗೆ ಬಂದಿತು.

ಮಾನಸಿಕ ಆರೋಗ್ಯದಲ್ಲಿಯೂ ರಾಜ್ಯದ ಅನುಭವ ರಾಷ್ಟ್ರಕ್ಕೆ ಮಾದರಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರದಲ್ಲಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ ನೀಡಿ ಮಾನಸಿಕ ರೋಗಗಳಿಗೆ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ಒದಗಿಸಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಮಾದರಿಯೇ ಆಧಾರ.

ರಾಜ್ಯದ ತಾಯಿ ಮರಣ ಪ್ರಮಾಣ 2001–03ರಲ್ಲಿ ಲಕ್ಷ ಜನನಗಳಿಗೆ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ಸುಸ್ಥಿರ ಅಭಿವೃದ್ಧಿ ಗುರಿ ಕೇಳುವುದು 2030ರೊಳಗೆ 70ಕ್ಕಿಂತ ಕಡಿಮೆ. ಶಿಶು ಮರಣ 2005ರಲ್ಲಿ 50 ಇದ್ದುದು 2020ರಲ್ಲಿ 19 ಆಯಿತು. ಆಸ್ಪತ್ರೆ ಹೆರಿಗೆಗಳ ಪ್ರಮಾಣ 2005–06ರ ಸುಮಾರು ಶೇ. 65ರಿಂದ 2019–21ರಲ್ಲಿ ಶೇ. 97ಕ್ಕೆ ಏರಿತು. ಆದರೆ ಸರಾಸರಿಯು ಎಲ್ಲವನ್ನೂ ಹೇಳುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಹಲವು ಬಾಣಂತಿಯರು ಸಾವಿಗೀಡಾದಾಗ ಸರ್ಕಾರವು ರಾಜ್ಯದಾದ್ಯಂತ ತಾಯಿ ಮರಣಗಳ ಪರಿಶೋಧನೆಗೆ ಆದೇಶಿಸಿತು. ಹೆರಿಗೆ ಎಲ್ಲಿ ಆಯಿತು ಎಂಬ ಗುರಿ ಬಹುತೇಕ ಈಡೇರಿದ ಮೇಲೆ, ಅಲ್ಲಿ ದೊರೆತ ಆರೈಕೆ ಎಷ್ಟು ಸುರಕ್ಷಿತ ಎಂಬ ಪ್ರಶ್ನೆ ಮುಂದಿನ ಗುರಿಯಾಗಿದೆ.

### ಹೋಬಳಿ ಮಟ್ಟದಲ್ಲಿ ಗುರಿಗಳು

ರಾಷ್ಟ್ರೀಯ ಗುರಿ ಕೊನೆಗೆ ತಲುಪುವುದು ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಂಥ ಹೋಬಳಿಗಳಿಗೆ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ. ಗುಡ್ಡಗಾಡು ಪ್ರದೇಶದಲ್ಲಿ ಇವು ಕ್ರಮವಾಗಿ 20,000 ಮತ್ತು 3,000. ಜಿಲ್ಲಾ ಆರೋಗ್ಯಾಧಿಕಾರಿಯಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ಕೇಂದ್ರದ ವೈದ್ಯಾಧಿಕಾರಿಗೆ, ಬಳಿಕ ಉಪಕೇಂದ್ರದ ಸಿಬ್ಬಂದಿ ಹಾಗೂ ಆಶಾ ಕಾರ್ಯಕರ್ತೆಗೆ ಗುರಿಗಳು ಇಳಿದುಬರುತ್ತವೆ. ಗರ್ಭಿಣಿಯರ ನೋಂದಣಿ, ತಾಯಿ ಕಾರ್ಡ್, ಲಸಿಕೆಯ ಪಟ್ಟಿ, ಕಫದ ಮಾದರಿ, ರಕ್ತದೊತ್ತಡ ತಪಾಸಣೆ ಇವು ಆ ಗುರಿಗಳ ಹಳ್ಳಿಯ ರೂಪಗಳು.

ಈ ಮಟ್ಟದಲ್ಲಿ ಅಂಕಿಗಳ ಅರ್ಥ ಬದಲಾಗುತ್ತದೆ. ರಾಜ್ಯದ 2020ರ ಜನನ ದರವಾದ 16.5ನ್ನು ಅನ್ವಯಿಸಿದರೆ 30,000 ಜನರಿರುವ ಕೇಂದ್ರದ ವ್ಯಾಪ್ತಿಯಲ್ಲಿ ವರ್ಷಕ್ಕೆ ಸುಮಾರು 495 ಜನನಗಳಾಗುತ್ತವೆ. ಶಿಶು ಮರಣ 19 ಎಂದರೆ ಅಲ್ಲಿ ವರ್ಷಕ್ಕೆ ಸುಮಾರು ಒಂಬತ್ತು ಮಕ್ಕಳ ಸಾವು. ತಾಯಿ ಮರಣ 69 ಎಂದರೆ ಸರಿಸುಮಾರು ಮೂರು ವರ್ಷಕ್ಕೆ ಒಬ್ಬ ತಾಯಿಯ ಸಾವು. ಒಂದು ವರ್ಷ ಸಾವು ಸಂಭವಿಸಲಿಲ್ಲವೆಂದ ಮಾತ್ರಕ್ಕೆ ಸೇವೆ ಉತ್ತಮವಾಯಿತೆಂದಾಗಲಿ, ಒಂದು ಸಾವು ಸಂಭವಿಸಿತೆಂದ ಮಾತ್ರಕ್ಕೆ ಹದಗೆಟ್ಟಿತೆಂದಾಗಲಿ ಹೇಳಲಾಗದು. ಆದ್ದರಿಂದ ಈ ಹಂತದಲ್ಲಿ ದರವನ್ನು ಹೋಲಿಸುವುದಕ್ಕಿಂತ ಪ್ರತಿ ಸಾವಿನ ಕಾರಣವನ್ನು ಪರಿಶೀಲಿಸುವುದು ಹೆಚ್ಚು ಉಪಯುಕ್ತ. ನೋವು ಕಂಡು ಹೊರಡುವುದರಲ್ಲಿ ಆದ ವಿಳಂಬ, ವಾಹನ ಸಿಗುವುದರಲ್ಲಿ ಆದ ವಿಳಂಬ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆಯಲ್ಲಿ ಆದ ವಿಳಂಬ ಎಂಬ ಮೂರು ಹಂತಗಳಲ್ಲಿ ತಾಯಿ ಮರಣವನ್ನು ವಿಶ್ಲೇಷಿಸುವುದು ರೂಢಿ.

### ಅಸಾಂಕ್ರಾಮಿಕ ರೋಗಗಳು ಮತ್ತು ಹಾಸನ ಜಿಲ್ಲೆ

2010ರಲ್ಲಿ ಭಾರತವು ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳಿಗೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2023ರಲ್ಲಿ, 2025ರೊಳಗೆ 7.5 ಕೋಟಿ ರಕ್ತದೊತ್ತಡ ಮತ್ತು ಮಧುಮೇಹ ರೋಗಿಗಳನ್ನು ನಿಗದಿತ ಗುಣಮಟ್ಟದ ಚಿಕಿತ್ಸೆಗೆ ಒಳಪಡಿಸುವ ಗುರಿಯನ್ನು ಪ್ರಕಟಿಸಲಾಯಿತು. ಈ ಗುರಿಗಳ ದೊಡ್ಡ ತೊಡಕು ಮರಣದ ಕಾರಣದ ದಾಖಲಾತಿ: ಮನೆಯಲ್ಲಿ ಅಥವಾ ದಾರಿಯಲ್ಲಿ ಸಂಭವಿಸುವ ಹಠಾತ್ ಸಾವಿಗೆ ವೈದ್ಯಕೀಯ ಕಾರಣ ಅನೇಕ ಬಾರಿ ದಾಖಲಾಗುವುದೇ ಇಲ್ಲ.

2025ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ, ಯುವಜನರೂ ಸೇರಿದಂತೆ ಹಲವರು ಹಠಾತ್ತನೆ ಸಾವಿಗೀಡಾದ ಸುದ್ದಿಗಳು ಆತಂಕ ಹುಟ್ಟಿಸಿದವು. ಹೃದಯ ತಪಾಸಣೆಗೆ ಬರುವವರ ಸಂಖ್ಯೆ ಆಸ್ಪತ್ರೆಗಳಲ್ಲಿ ಏರಿತು. ರಾಜ್ಯ ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ರಚಿಸಿತು. ಜುಲೈನಲ್ಲಿ ಬಂದ ವರದಿಯ ಪ್ರಕಾರ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಉಳಿದವಕ್ಕೆ ಬೇರೆ ಕಾರಣಗಳಿದ್ದವು. ಹಿಂದಿನ ಅವಧಿಗೆ ಹೋಲಿಸಿದರೆ ಹೃದಯಸಂಬಂಧಿ ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬರಲಿಲ್ಲ. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂಥ ಅಪಾಯಕಾರಿ ಅಂಶಗಳನ್ನು ಸಮಿತಿ ಗುರುತಿಸಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡುವ ವ್ಯವಸ್ಥೆಯನ್ನು ತರುವುದಾಗಿ ಸರ್ಕಾರ ಪ್ರಕಟಿಸಿತು. ಅಕಾಲಿಕ ಮರಣವನ್ನು ಶೇ. 25ರಷ್ಟು ತಗ್ಗಿಸುವ ಗುರಿಗೆ ಮೊದಲು ಬೇಕಾದದ್ದು ಮರಣಗಳ ಸರಿಯಾದ ಎಣಿಕೆ ಎಂಬುದನ್ನು ಈ ಪ್ರಕರಣ ತೋರಿಸಿತು.

## ಟೀಕೆಗಳು

* ಗಡುವಿನ ಮುಂದೂಡಿಕೆ: ಕಾಲಾ ಅಜಾರ್ ನಿವಾರಣೆಯ ಗಡುವು 2010ರಿಂದ 2015, 2017, 2020, 2023 ಎಂದು ಮುಂದೆ ಹೋಯಿತು. ಹಳೆಯ ಗುರಿ ಏಕೆ ತಪ್ಪಿತೆಂಬ ವಿಶ್ಲೇಷಣೆಯಿಲ್ಲದೆ ಹೊಸ ವರ್ಷವನ್ನು ಘೋಷಿಸಲಾಗುತ್ತದೆ ಎಂಬುದು ಒಂದು ಟೀಕೆ.
* ಘೋಷಣೆಯ ನಂತರದ ಸಡಿಲಿಕೆ: ಕುಷ್ಠರೋಗ 2005ರಲ್ಲಿ ರಾಷ್ಟ್ರೀಯ ಮಿತಿಗಿಂತ ಕೆಳಗಿಳಿದ ಮೇಲೆ ಮನೆಮನೆಗೆ ತೆರಳಿ ರೋಗಿಗಳನ್ನು ಹುಡುಕುವ ಕೆಲಸ ಕುಗ್ಗಿತು. ತಡವಾಗಿ ಪತ್ತೆಯಾದವರಲ್ಲಿ ಅಂಗವೈಕಲ್ಯ ಕಾಣಿಸಿಕೊಳ್ಳುತ್ತಿದ್ದುದರಿಂದ 2016ರಲ್ಲಿ ಪತ್ತೆ ಅಭಿಯಾನವನ್ನು ಮತ್ತೆ ಆರಂಭಿಸಲಾಯಿತು. ಈಗ 2027ರೊಳಗೆ ಸೋಂಕಿನ ಹರಡುವಿಕೆಯನ್ನೇ ನಿಲ್ಲಿಸುವ ಗುರಿ ಇದೆ.
* ಸರಾಸರಿಯ ಮಿತಿ: ರಾಜ್ಯ ಅಥವಾ ರಾಷ್ಟ್ರದ ಸರಾಸರಿ ಸುಧಾರಿಸಿದರೂ ಜಿಲ್ಲೆ, ಜಾತಿ, ವರ್ಗಗಳ ನಡುವಿನ ಅಂತರ ಉಳಿಯಬಹುದು. ಕರ್ನಾಟಕದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹಿಂದುಳಿದಿರುವಿಕೆ ಇದಕ್ಕೆ ನಿದರ್ಶನ.
* ಹಣ ಮತ್ತು ಹೊಣೆ: ರೋಗದ ಗುರಿ ತಪ್ಪಿದರೆ ಕ್ಷೇತ್ರ ಸಿಬ್ಬಂದಿ ಉತ್ತರಿಸಬೇಕಾಗುತ್ತದೆ. ವೆಚ್ಚದ ಗುರಿ 2010ರಿಂದಲೂ ತಪ್ಪುತ್ತ ಬಂದಿದ್ದರೂ ಅದಕ್ಕೆ ಅಂಥ ಉತ್ತರದಾಯಿತ್ವವಿಲ್ಲ.
* ಸಂಖ್ಯೆಯ ಒತ್ತಡ: ಸಿಬ್ಬಂದಿಯ ಕೆಲಸವನ್ನು ಸಂಖ್ಯೆಯಿಂದಲೇ ಅಳೆದಾಗ ಸುಳ್ಳು ವರದಿ ಅಥವಾ ಬಲವಂತಕ್ಕೆ ಅವಕಾಶವಾಗುತ್ತದೆ. ಕುಟುಂಬ ಯೋಜನೆಯ ಇತಿಹಾಸವನ್ನು ಇದಕ್ಕೆ ಉದಾಹರಣೆಯಾಗಿ ಕೊಡಲಾಗುತ್ತದೆ.

ಗುರಿಗಳನ್ನು ಸಮರ್ಥಿಸುವವರು ಪೋಲಿಯೊ, ನಾರುಹುಣ್ಣು ಮತ್ತು ತಾಯಿ ಮರಣದ ಇಳಿಕೆಯತ್ತ ಗಮನ ಸೆಳೆಯುತ್ತಾರೆ. ಗಡುವು ತಪ್ಪಿದ್ದರೂ, ಅಂಕಿಯೊಂದು ಬಹಿರಂಗವಾಗಿ ಇದ್ದುದರಿಂದಲೇ ಶಾಸನಸಭೆ, ಪತ್ರಿಕೆಗಳು ಮತ್ತು ನಾಗರಿಕರು ಸರ್ಕಾರವನ್ನು ಪ್ರಶ್ನಿಸಲು ಸಾಧ್ಯವಾಯಿತು ಎಂಬುದು ಅವರ ವಾದ.